ಉಕ್ಕಿನ ಗೋಡೆಯನ್ನು ದಾಟುವ ಜಲಜನಕ

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ನೋಡಲು ಗಟ್ಟಿಯಾದ ಈ ಕೆಂಪು ಕಲ್ಲು ಮಳೆನೀರನ್ನು ಒಳಗಿಳಿಸಿಕೊಳ್ಳುತ್ತದೆ. ಭಾಲ್ಕಿ, ಔರಾದ ಕಡೆ ನೆಲದ ಮೇಲೆಯೇ ಕಾಣುವ ಕಪ್ಪುಶಿಲೆ ಇಲ್ಲಿ ಅಡಿಯಲ್ಲಿದ್ದು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಬಹಮನಿ ಕಾಲದವರು ನೌಬಾದಿನ ಸುರಂಗ ಬಾವಿಯನ್ನು ತೋಡಿಸಿದ್ದು ಈ ಮರ್ಮವನ್ನರಿತೇ. ಘನವಾದುದೆಲ್ಲ ಅಭೇದ್ಯವಲ್ಲ ಎಂಬ ಇದೇ ಸತ್ಯ ಇಂದು ಪರಮಾಣು ಸಮ್ಮಿಲನ ಸ್ಥಾವರಗಳ ವಿನ್ಯಾಸಕಾರರನ್ನು ಕಾಡುತ್ತಿದೆ.

ಸಮ್ಮಿಲನಕ್ಕೆ ಬೇಕಾದ ಇಂಧನ ಜಲಜನಕದ ಎರಡು ಐಸೊಟೋಪುಗಳು: ಡ್ಯುಟೀರಿಯಂ ಮತ್ತು ಟ್ರಿಟಿಯಂ. ಮೊದಲನೆಯದು ಸಮುದ್ರದ ನೀರಿನಲ್ಲಿ ಹೇರಳ. ಎರಡನೆಯದು ವಿಕಿರಣಶೀಲ, ಅದರ ಅರ್ಧಾಯುಷ್ಯ ಸುಮಾರು 12.3 ವರ್ಷ. ಒಂದು ಸಾವಿರ ಮೆಗಾವಾಟ್ ಸಮ್ಮಿಲನ ಶಕ್ತಿಯನ್ನು ವರ್ಷವಿಡೀ ಪಡೆಯಲು ಸುಮಾರು 56 ಕಿಲೋಗ್ರಾಂ ಟ್ರಿಟಿಯಂ ಉರಿಯಬೇಕು. ಅದನ್ನು ಸ್ಥಾವರದಲ್ಲೇ ಲಿಥಿಯಂನಿಂದ ಉತ್ಪಾದಿಸಿಕೊಳ್ಳಬೇಕಾದುದರಿಂದ ಒಂದೊಂದು ಗ್ರಾಮಿಗೂ ಲೆಕ್ಕವಿರಬೇಕು.

ಆದರೆ ಬಿಸಿಯಾದ ಉಕ್ಕು ಈ ಲೆಕ್ಕವನ್ನು ತಪ್ಪಿಸುತ್ತದೆ. ಜಲಜನಕದ ಅಣು ಉಕ್ಕಿನ ಮೇಲ್ಮೈಯಲ್ಲಿ ಒಡೆದು ಎರಡು ಪರಮಾಣುಗಳಾಗುತ್ತದೆ. ಅವು ಕಬ್ಬಿಣದ ಪರಮಾಣುಗಳ ನಡುವಿನ ಸಂದುಗಳಲ್ಲಿ ನೆಗೆಯುತ್ತ ಸಾಗಿ, ಆಚೆ ಬದಿಯಲ್ಲಿ ಮತ್ತೆ ಕೂಡಿ ಹೊರಬೀಳುತ್ತವೆ. ಉಷ್ಣತೆ ಏರಿದಷ್ಟೂ ಈ ಸಾಗಾಟ ಚುರುಕು. ಗೋಡೆ ದಪ್ಪವಾದಷ್ಟೂ ನಿಧಾನ. ಭಾರವಾದ ಟ್ರಿಟಿಯಂ ಸಾಮಾನ್ಯ ಜಲಜನಕಕ್ಕಿಂತ ತುಸು ಮಂದಗತಿಯದು, ಅಷ್ಟೆ. ಸಾಲದುದಕ್ಕೆ, ಸಮ್ಮಿಲನದಿಂದ ಚಿಮ್ಮುವ ನ್ಯೂಟ್ರಾನುಗಳು ಉಕ್ಕಿನೊಳಗೆ ಸೃಷ್ಟಿಸುವ ನ್ಯೂನತೆಗಳಲ್ಲಿ ಟ್ರಿಟಿಯಂ ಸಿಕ್ಕಿಕೊಂಡು ಸಂಗ್ರಹವಾಗುತ್ತದೆ. ಹೀಗೆ ಒಂದು ಪಾಲು ಗೋಡೆಯಲ್ಲೇ ಉಳಿದರೆ ಮತ್ತೊಂದು ಪಾಲು ಶೀತಕಕ್ಕೆ ಸೇರುತ್ತದೆ.

ಶೀತಕ ನೀರಾಗಿದ್ದರೆ ಚಿಂತೆ ಹೆಚ್ಚು. ಟ್ರಿಟಿಯಂನ ಕಿರಣ ಚರ್ಮವನ್ನೂ ಭೇದಿಸಲಾರದಷ್ಟು ದುರ್ಬಲ. ಆದರೆ ನೀರಿನ ಭಾಗವಾಗಿ ಒಡಲು ಹೊಕ್ಕರೆ ಮೈಯೆಲ್ಲ ಹರಡುತ್ತದೆ. 2009ರ ನವೆಂಬರಿನಲ್ಲಿ ನಮ್ಮ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂಯುಕ್ತ ಭಾರಜಲ ಬೆರೆತು ಹಲವು ನೌಕರರ ದೇಹ ಸೇರಿದ್ದನ್ನು ಓದುಗರು ಮರೆತಿರಲಾರರು. ಅಲ್ಲಿ ಉಕ್ಕು ಸೋರಿರಲಿಲ್ಲ. ಅದು ಮನುಷ್ಯನ ಕೈವಾಡವೆಂದೇ ಅಧಿಕಾರಿಗಳು ಹೇಳಿದರು. ಆದರೂ ಟ್ರಿಟಿಯಂ ಎಷ್ಟು ಸುಲಭವಾಗಿ ನೀರಿನ ವೇಷ ತೊಡುತ್ತದೆಂಬುದನ್ನು ಆ ಘಟನೆ ತೋರಿಸಿತು.

ಪರಿಹಾರದ ಹಾದಿ ಇಲ್ಲದಿಲ್ಲ. ಉಕ್ಕಿಗೆ ಅಲ್ಯೂಮಿನಾದಂಥ ಆಕ್ಸೈಡಿನ ತೆಳುಪದರ ಲೇಪಿಸಿದರೆ ಸೋರಿಕೆ ನೂರಾರು ಪಟ್ಟು ತಗ್ಗುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಆ ಪದರ ವರ್ಷಗಟ್ಟಲೆ ನ್ಯೂಟ್ರಾನುಗಳ ಹೊಡೆತ ತಾಳಿ ಬಿರುಕು ಬಿಡದೆ ಉಳಿಯಬೇಕು. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಯೋಜನೆಗೆ ಭಾರತ 2005ರಲ್ಲಿ ಸೇರಿತು. ಸಮ್ಮಿಲನಕ್ಕೆಂದೇ ಶೇಕಡ 9ರಷ್ಟು ಕ್ರೋಮಿಯಂ ಇರುವ ವಿಶೇಷ ಉಕ್ಕನ್ನು ನಮ್ಮ ವಿಜ್ಞಾನಿಗಳು ರೂಪಿಸಿದ್ದಾರೆ. ಅದರಲ್ಲಿ ನೆರೆಯ ಹೈದರಾಬಾದಿನ ಮಿಧಾನಿಯ ಪಾಲೂ ಇದೆ.

ಈ ಗಡಿ ಜಿಲ್ಲೆಯಲ್ಲಿ ರಸಾಯನಶಾಸ್ತ್ರ ಬೋಧಿಸುವ ನನಗೆ ಇದು ದೂರದ ಸಂಗತಿ ಎನಿಸುವುದಿಲ್ಲ. ಭಾಲ್ಕಿ, ಔರಾದದ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳು ವಿಸರಣದ ನಿಯಮವನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಆ ನಿಯಮದ ಮೇಲೆ ನಾಳಿನ ವಿದ್ಯುತ್ತು ನಿಂತಿದೆಯೆಂದು ಅವರಿಗೆ ಯಾರೂ ಹೇಳುವುದಿಲ್ಲ. ಸಮ್ಮಿಲನವನ್ನು ಅಕ್ಷಯ, ನಿರ್ಮಲ ಶಕ್ತಿಯೆಂದು ಹೊಗಳುವವರು ಟ್ರಿಟಿಯಂನ ಜಮಾಖರ್ಚನ್ನೂ ಜನರ ಮುಂದಿಡಲಿ. ಅದನ್ನು ಓದಿ ಪ್ರಶ್ನಿಸಬಲ್ಲ ಯುವಕ ಯುವತಿಯರನ್ನು ನಮ್ಮ ಕಾಲೇಜುಗಳು ಸಿದ್ಧಗೊಳಿಸಲಿ.