ಸೋಲಲು ಒಪ್ಪುವ ಊಹೆ

ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರಲ್ಲಿ ದುಡಿದು ತಿನ್ನುವ ಮನುಷ್ಯ ದಿಢೀರನೆ ಮಾತು ಬಿಟ್ಟು ಮೂಲೆ ಹಿಡಿದರೆ ಕಾರಣ ಹೇಳುವವರಿಗೇನೂ ಬರವಿಲ್ಲ: ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ. ತಾಯತ ಕಟ್ಟಿದ ಮೇಲೆ ಗುಣವಾದರೆ ತಾಯತದ ಮಹಿಮೆ. ಆಗದಿದ್ದರೆ ಗಾಳಿ ಬಲವಾದದ್ದು. ಏನೇ ಆದರೂ ಗೆಲ್ಲುವ ಇಂಥ ವಿವರಣೆಯಿಂದ ಕಲಿಯುವುದೇನೂ ಇರುವುದಿಲ್ಲ. ಸಂಶೋಧಕರ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡುವ ಊಹೆ, ಹಾಗಲ್ಲ. ಯಾವ ಫಲ ಬಂದರೆ ತಾನು ಸುಳ್ಳು ಎಂಬುದನ್ನು ಅದು ಮೊದಲೇ ಹೇಳಿ ಕಣಕ್ಕಿಳಿಯಬೇಕು. ಹಳ್ಳಿಯವರನ್ನು ಹೀಗಳೆಯಬೇಕಾಗಿಯೂ ಇಲ್ಲ. ಫ್ರಾಯ್ಡ್‌ನ ಮನೋವಿಶ್ಲೇಷಣೆಯ ಮೇಲೆ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೊರಿಸಿದ್ದೂ ಏನೇ ಆದರೂ ಗೆಲ್ಲುತ್ತದೆ ಎಂಬ ಇದೇ ಆರೋಪವನ್ನು.

ಕೊಪ್ಪಳ, ಗಂಗಾವತಿಗಳು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸೋಲಲು ಒಪ್ಪುವ ಇಂಥದೊಂದು ಊಹೆ ಪರೀಕ್ಷೆಗೆ ನಿಂತಿತು. ಮನೋರೋಗಕ್ಕೆ ದೊಡ್ಡಾಸ್ಪತ್ರೆಯೇ ಬೇಕಿಲ್ಲ, ಅಲ್ಪಾವಧಿಯ ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಚಿಕಿತ್ಸೆ ಕೊಡಬಲ್ಲರು ಎಂಬ ಯೋಚನೆ ಬೆಂಗಳೂರು ಬಳಿಯ ಸಕಲವಾರದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ನಡೆಸಿದ ಕೆಲಸದಿಂದ ಬೆಳೆದು ಬಂದಿತ್ತು. ಅದನ್ನು ಇಡೀ ಜಿಲ್ಲೆಗೆ ಹಚ್ಚಿ ನೋಡಿದ್ದು 1985ರಿಂದ 1990ರವರೆಗೆ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಮೂರ್ಛೆ ಬರುವವರನ್ನು, ತಮ್ಮಷ್ಟಕ್ಕೇ ಮಾತಾಡಿಕೊಳ್ಳುವವರನ್ನು ಗುರುತಿಸಬೇಕು. ವೈದ್ಯರು ಕ್ಲೋರ್‌ಪ್ರೋಮಜೀನ್, ಫಿನೋಬಾರ್ಬಿಟೋನ್‌ನಂಥ ನಾಲ್ಕಾರು ಅಗ್ಗದ ಮಾತ್ರೆಗಳಲ್ಲೇ ಸುಧಾರಿಸಬೇಕು. ರೋಗಿಗಳು ಬರದಿದ್ದರೆ, ವೈದ್ಯರಿಗೆ ರೋಗ ಗೊತ್ತಾಗದಿದ್ದರೆ ಊಹೆ ಬಿದ್ದಂತೆ. ಬೀಳಲಿಲ್ಲ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿಯಾಯಿತು.

ಕಣ್ಣಿಗೆ ಕಾಣದ ಮನಸ್ಸನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪ ಹಳೆಯದು. ಇಲ್ಲಿ ಮನಸ್ಸನ್ನೇ ತೂಗಬೇಕಾಗಿಲ್ಲ: ನಿದ್ದೆ ಬಂತೇ, ಮೂರ್ಛೆ ನಿಂತಿತೇ, ಮನುಷ್ಯ ಮತ್ತೆ ಹೊಲಕ್ಕೆ ಹೋದನೇ ಎಂಬುದನ್ನು ಮನೆಯವರೂ ಹೇಳಬಲ್ಲರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದೇ ಇದೆ. ಒಂದು ಜಿಲ್ಲೆಯಲ್ಲಿ ಗೆದ್ದ ಮಾತ್ರಕ್ಕೆ ಊಹೆ ಸಿದ್ಧಾಂತವಾಗುತ್ತದೆಯೇ? ಆಗುವುದಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಕೈಗಳಲ್ಲಿ ಉಳಿದು, ಹೀಗೇಕೆ ಆಗುತ್ತದೆ ಎಂಬುದನ್ನೂ ವಿವರಿಸಿದಾಗಷ್ಟೇ ಅದಕ್ಕೆ ಆ ಹೆಸರು ಸಲ್ಲುತ್ತದೆ. ಕಾರ್ಯಕ್ರಮ ಹರಡಿದ ಎಷ್ಟೋ ಜಿಲ್ಲೆಗಳಲ್ಲಿ ಫಲ ಬಳ್ಳಾರಿಯಷ್ಟು ಬರಲಿಲ್ಲ. ಹುದ್ದೆಗಳು ಖಾಲಿ ಬಿದ್ದವು, ಮಾತ್ರೆ ಸರಿಯಾಗಿ ತಲುಪಲಿಲ್ಲ. ಹಾಗಾದರೆ ಬಳ್ಳಾರಿಯಲ್ಲಿ ಕೆಲಸ ಮಾಡಿದ್ದು ತರಬೇತಿಯೋ, ಬೆನ್ನಿಗೆ ನಿಂತ ನಿಮ್ಹಾನ್ಸೋ? ನನ್ನ ಪ್ರಕಾರ ಊಹೆ ಸೋತಿಲ್ಲ, ಅರ್ಧದಲ್ಲಿದೆ. ಅದನ್ನೀಗ ಹೀಗೆ ತಿದ್ದಿ ಬರೆದು ಮತ್ತೆ ಪರೀಕ್ಷೆಗೆ ಒಡ್ಡಬೇಕು: ತರಬೇತಿ ಪಡೆದ ವೈದ್ಯರು, ತಪ್ಪದ ಮಾತ್ರೆ ಪೂರೈಕೆ, ಬಿಡದ ಮೇಲುಸ್ತುವಾರಿ, ಈ ಮೂರೂ ಕೂಡಿದರೆ ಮಾತ್ರ ಚಿಕಿತ್ಸೆ ಫಲಿಸುತ್ತದೆ.