ದಾರಿ ಒಂದೇ, ನಡಿಗೆ ಅವರವರದು

ಹೈದರಾಬಾದಿನ ಅವಳಿ ನಗರ ಸಿಕಂದರಾಬಾದಿನಲ್ಲಿ ಯೇಸುಸಭೆಯ ಗುರುಗಳು ನಡೆಸುವ ‘ಸತ್ಯೋದಯಂ’ ಎಂಬ ಧ್ಯಾನಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಸದ್ದಿಲ್ಲದೆ ಉಳಿದುಬಂದಿರುವ ಕಸುಬೊಂದಿದೆ: ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರು ಜೊತೆಯಾಗಿ ನಿಲ್ಲುವುದು. ಅದು ಪ್ರಸಂಗವಲ್ಲ, ಪಾಪನಿವೇದನೆಯೂ ಅಲ್ಲ. ಮೌನಧ್ಯಾನಕ್ಕೆ ಬಂದವರು ತಮ್ಮ ಪ್ರಾರ್ಥನೆಯಲ್ಲಿ ಏನು ನಡೆಯಿತೆಂದು ಹೇಳುತ್ತಾರೆ. ಮಾರ್ಗದರ್ಶಕರು ಕೇಳಿಸಿಕೊಂಡು, ಮುಂದಿನ ಧ್ಯಾನಕ್ಕೆ ಶುಭಸಂದೇಶದ ಒಂದು ಭಾಗವನ್ನು ಸೂಚಿಸುತ್ತಾರೆ.

ಈ ಕಸುಬಿಗೆ ಆಧಾರ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲರ ಆಧ್ಯಾತ್ಮಿಕ ಸಾಧನೆಯ ಕೈಪಿಡಿ. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ತಮಗಾದ ಅನುಭವವನ್ನು ಅವರು ಟಿಪ್ಪಣಿ ಮಾಡಿಕೊಂಡರು, ವರ್ಷಗಟ್ಟಲೆ ತಿದ್ದಿದರು. 1548ರಲ್ಲಿ ಪೋಪ್ ಮೂರನೆಯ ಪೌಲರು ಅದಕ್ಕೆ ಮನ್ನಣೆ ಕೊಟ್ಟರು. ಸಾಧನೆಗೆ ನಾಲ್ಕು ಹಂತಗಳು: ಪಾಪದ ಅರಿವು ಮತ್ತು ದೇವರ ಕರುಣೆ, ಯೇಸುವಿನ ಬದುಕು, ಅವರ ಯಾತನೆ, ಪುನರುತ್ಥಾನ. ಈ ಕ್ರಮ ಬಿಷಪರಿಗೂ ಅದೇ, ಕೂಲಿಯವರಿಗೂ ಅದೇ. ಕರುಣೆಯನ್ನು ಅರಿಯದವರನ್ನು ಶಿಲುಬೆಯ ಬುಡಕ್ಕೆ ಅವಸರದಲ್ಲಿ ಕರೆದೊಯ್ಯುವುದಿಲ್ಲ.

ಕ್ರಮ ಬದಲಾಗದು, ಅಳತೆ ಬದಲಾಗುತ್ತದೆ. ಹಂತಗಳಿಗೆ ‘ವಾರ’ವೆಂದು ಹೆಸರಿದ್ದರೂ ಏಳು ದಿನದ ಕಟ್ಟಿಲ್ಲ, ಒಬ್ಬರಿಗೆ ಬೇಗ ಒದಗುವ ಪಶ್ಚಾತ್ತಾಪ ಇನ್ನೊಬ್ಬರಲ್ಲಿ ನಿಧಾನವಾಗಿ ಮೂಡುತ್ತದೆ. ಎಲ್ಲವೂ ಸೇರಿ ಸುಮಾರು 30 ದಿನ. ಅಷ್ಟು ಬಿಡುವಿಲ್ಲದವರು ಮನೆಯಲ್ಲಿದ್ದುಕೊಂಡೇ, ಕೆಲಸ ಬಿಡದೆ, ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ತಿಂಗಳುಗಟ್ಟಲೆ ಅದನ್ನೇ ಮಾಡಬಹುದೆಂದು ಕೈಪಿಡಿಯೇ ಹೇಳುತ್ತದೆ. ಹೈದರಾಬಾದಿನ ಹೈಟೆಕ್ ಸಿಟಿಯ ನೌಕರರಿಗೂ ಮಕ್ಕಳೊಂದಿಗರಿಗೂ ಇದು ದೊಡ್ಡ ಅನುಕೂಲ. ಮೊಣಕಾಲೂರಿಯೋ ಕುಳಿತೋ ಮಲಗಿಯೋ ಪ್ರಾರ್ಥಿಸಬಹುದು. ಮನಸ್ಸು ನೆಲೆನಿಂತ ಭಂಗಿಯಲ್ಲೇ ಉಳಿಯಬೇಕು. ವಯಸ್ಸು, ಓದು, ಶಕ್ತಿ ನೋಡಿ ಭಾರ ಹೊರಿಸಬೇಕು.

ಇಷ್ಟನ್ನು ಪುಸ್ತಕ ಓದಿ ಕಲಿಯಬಹುದು. ಮಾರ್ಗದರ್ಶಕರ ಪಳಗಿದ ಕಿವಿ ಬೇಕಾಗುವುದು ಮುಂದಿನ ಮಾತಿಗೆ. “ಮನಸ್ಸು ಹಾಯಾಗಿದೆ ಫಾದರ್” ಎಂದು ಇಬ್ಬರು ಹೇಳಿದರೆ, ಎರಡಕ್ಕೂ ಅರ್ಥ ಒಂದೇ ಆಗಬೇಕಿಲ್ಲ. ಕೆಡುಕಿನತ್ತ ಜಾರುತ್ತಿರುವವರಿಗೆ ಆ ಹಾಯೇ ಮೋಸ. ಚುಚ್ಚುವ ಮನಸ್ಸಾಕ್ಷಿಯೇ ದೇವರ ಕೆಲಸ. ಒಳಿತಿನತ್ತ ಹೊರಟವರಲ್ಲಿ ಇದು ತಿರುಗುಮುರುಗು: ನೆಮ್ಮದಿ ದೇವರದು, ಕಾಡುವ ಕಳವಳ ವೈರಿಯಾದ ಸೈತಾನನದು. ಆದ್ದರಿಂದ ಮಾರ್ಗದರ್ಶಕರು ಭಾವನೆಯನ್ನು ಕೇಳುವ ಜೊತೆಗೆ ಆ ವ್ಯಕ್ತಿ ಯಾವ ಕಡೆಗೆ ಮುಖ ಮಾಡಿದ್ದಾರೆಂದು ಗಮನಿಸುತ್ತಾರೆ. ಪ್ರಾರ್ಥನೆ ಬರಡಾಗಿ ಕುಗ್ಗಿದವರೊಡನೆ ಮೃದುವಾಗಿರುತ್ತಾರೆ, ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಆಗ ಕೈಬಿಡಬೇಡಿ ಎನ್ನುತ್ತಾರೆ. ಉತ್ಸಾಹ ಉಕ್ಕಿ ತಕ್ಷಣವೇ ವ್ರತ ತೊಡಲು ಹೊರಟವರನ್ನು ತಡೆಯುತ್ತಾರೆ. ನಿಯಮ ಒಂದೇ, ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಲಗಾಮು.

ನನಗೆ ಅತ್ಯಂತ ಗೌರವ ಹುಟ್ಟಿಸುವುದು ಮಾರ್ಗದರ್ಶಕರ ಸಂಯಮ. ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕೆಂಬುದು ಇಗ್ನೇಷಿಯಸರದೇ ಕಟ್ಟಪ್ಪಣೆ. ಮಠಕ್ಕೆ ಸೇರು, ಮದುವೆಯಾಗು ಎಂದು ಸಾಧನೆಯ ನಡುವೆ ಮಾರ್ಗದರ್ಶಕರು ಯಾರನ್ನೂ ತಳ್ಳುವಂತಿಲ್ಲ. ಸೃಷ್ಟಿಕರ್ತನೇ ತನ್ನ ಮಗುವಿನೊಡನೆ ನೇರವಾಗಿ ಮಾತಾಡಲಿ ಎಂದು ಬದಿಗೆ ಸರಿಯಬೇಕು. ಪ್ರತಿಯೊಬ್ಬರಿಗೂ ದೇವರ ಕರೆ ಬೇರೆಯಾಗಿರಬಹುದು. ಆದರೆ ಅದು ನಿಜವೇ ಎಂದು ಒರೆಹಚ್ಚುವ ಪ್ರಶ್ನೆ ಎಲ್ಲರಿಗೂ ಒಂದೇ: ಇದರಿಂದ ನನ್ನಲ್ಲಿ ದೇವರ ಮೇಲೂ ನೆರೆಯವರ ಮೇಲೂ ಪ್ರೀತಿ ಹೆಚ್ಚಿತೇ?