ಮಾತ್ರೆಯೊಳಗಿನ ಲೋಳೆ

ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಶುಗರ್ ಮಾತ್ರೆಯ ಹೆಸರಿನ ಪಕ್ಕ ‘ಎಸ್‌ಆರ್’ ಅಥವಾ ‘ಎಕ್ಸ್‌ಆರ್’ ಅಂತ ಇದೆಯಾ? ಹಾಗಿದ್ರೆ ಅದು ಔಷಧವನ್ನ ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡೋ ಮಾತ್ರೆ.

ಒಂದು ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆನ ಲೋಟ ನೀರಿಗೆ ಹಾಕಿ. ಮಾಮೂಲಿ ಮಾತ್ರೆ ಆಗಿದ್ರೆ ಸ್ವಲ್ಪ ಹೊತ್ತಲ್ಲೇ ಪುಡಿಪುಡಿ. ಇದು ನಿಧಾನಕ್ಕೆ ಉಬ್ಬುತ್ತೆ, ಮೈಮೇಲೆ ಲೋಳೆ ಕಟ್ಟುತ್ತೆ. ಥೇಟ್ ನೆನೆಸಿಟ್ಟ ಕಾಮಕಸ್ತೂರಿ ಬೀಜ! ಮುಟ್ಟಿದ್ರೆ ಜಾರುತ್ತೆ, ಒಳಗೆ ಮಾತ್ರ ಇನ್ನೂ ಗಟ್ಟಿ.

ಈ ಲೋಳೆ ಪಾಲಿಮರ್‌ನದು. ಹೆಚ್ಚಾಗಿ ಬಳಸೋದು ಎಚ್‌ಪಿಎಂಸಿ. ಮರದ ತಿರುಳು ಇಲ್ಲವೇ ಹತ್ತಿಯ ಸೆಲ್ಯುಲೋಸ್‌ನಿಂದ ಮಾಡಿದ್ದು. ನೀರು ಒಳಗಿಳೀಬೇಕು, ಔಷಧ ಕರಗಬೇಕು, ಲೋಳೆ ದಾಟಿ ಹೊರಗೆ ಬರಬೇಕು. ಅಷ್ಟೊತ್ತಿಗೆ ಗಂಟೆಗಳೇ ಕಳೆದಿರುತ್ತೆ. ದಿನಕ್ಕೆ ಎರಡು-ಮೂರು ಸಲ ನುಂಗೋ ಬದಲು ಒಂದೇ ಸಲ ಸಾಕಾಗೋದು ಅದಕ್ಕೇ.

ಹೀಗೆ ಔಷಧವನ್ನ ನಿಧಾನಕ್ಕೆ ಬಿಡೋ ಉಪಾಯ, ಬೇರೆ ಪಾಲಿಮರ್‌ನ ರೂಪದಲ್ಲಿ, ಮೆದುಳಿನ ಆಪರೇಷನ್‌ಗೂ ಹೋಗಿದೆ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಗ್ಲಿಯಾಡೆಲ್ ಬಿಲ್ಲೆಗಳನ್ನ ಗಡ್ಡೆ ತೆಗೆದ ಜಾಗದಲ್ಲೇ ಇಡ್ತಾರೆ. ಪಾಲಿಮರ್ ಸವೀತಾ ಸವೀತಾ ಕ್ಯಾನ್ಸರ್ ಔಷಧ ಬಿಡುತ್ತೆ.

ಮತ್ತೆ ಶುಗರ್ ಮಾತ್ರೆಗೆ ಬರೋಣ. ಕೆಲವೊಮ್ಮೆ ಮಲದಲ್ಲಿ ಮಾತ್ರೆಯಂಥದ್ದೇ ಮೆತ್ತನೆ ಮುದ್ದೆ ಕಾಣಿಸುತ್ತೆ. ಗಾಬರಿ ಬೇಡ, ಸಾಮಾನ್ಯವಾಗಿ ಅದು ಔಷಧ ಬಿಟ್ಟು ಖಾಲಿಯಾದ ಗೂಡು.

ಗಾಬರಿ ಪಡಬೇಕಾದ್ದು ಕುಟ್ಟಾಣಿ ಕಂಡರೆ. ಅಜ್ಜನಿಗೆ ನುಂಗೋಕೆ ಕಷ್ಟ ಅಂತ ಪುಡಿ ಮಾಡಿ ಕೊಟ್ಟರೆ, ಇಡೀ ದಿನದ ಔಷಧ ಒಂದೇ ಏಟಿಗೆ ಮೈಗೆ ಸೇರಬಹುದು. ಕುಟ್ಟಬೇಡಿ, ಅಗಿಯಬೇಡಿ. ಬೇರೆ ದಾರಿ ಇದೆಯಾ ಅಂತ ಡಾಕ್ಟರನ್ನ ಕೇಳಿ.